ಎಳೆಹಸಿರು

ನಮ್ಮ ಪುಟ ಸೊನ್ನೆಗಿಂತ ಕೆಳಗೆ ಇಳಿದ ದಿನ ಹೆರಾಲ್ಡ್ ಸರ್ ಇಡೀ ಕಚೇರಿಗೆ ಗೋಳಿಬಜೆ ತರಿಸಿದರು.

ಸೊನ್ನೆ ಎಂದರೆ ಇಲ್ಲಿ ಕಾಯುವ ಸಮಯ. ಪರದೆಯ ಮೇಲೆ ಬೆರಳಿಟ್ಟ ಕ್ಷಣಕ್ಕೂ ಬೇಕಾದದ್ದು ಕಣ್ಣಿಗೆ ಕಾಣುವ ಕ್ಷಣಕ್ಕೂ ನಡುವಿನ ಅಂತರ. ವೆಬ್ ಪುಟ ಕಟ್ಟುವವರು ಮೂರು ದಶಕ ಈ ಅಂತರವನ್ನು ಸವೆಸುತ್ತಲೇ ಬಂದವರು. ನಾನು ಕೊಣಾಜೆಯಲ್ಲಿ ಎಂಸಿಎ ಓದುವಾಗ ಎರಡೂವರೆ ಸೆಕೆಂಡಿನೊಳಗೆ ಪುಟ ಮೂಡಿದರೆ ಒಳ್ಳೆಯ ಅಂಕ. ಕೆಲಸಕ್ಕೆ ಸೇರುವ ಹೊತ್ತಿಗೆ ಅರ್ಧ ಸೆಕೆಂಡು. ಆಮೇಲೆ ಮುನ್ನೋಟ ಬಂತು.

ಮುನ್ನೋಟ ಬ್ರೌಸರಿನೊಳಗೆ ಕೂರುವ ಒಂದು ಸಣ್ಣ ಕಲಿಯುವ ಯಂತ್ರ. ಪ್ರತಿಯೊಬ್ಬರ ಫೋನಿನಲ್ಲೂ ಬೇರೆ ಬೇರೆಯಾಗಿ ಇರುತ್ತದೆ. ಯಾವ ಹೊತ್ತಿಗೆ ಏನು ತೆರೆಯುತ್ತೀರಿ, ಅದರ ನಂತರ ಪುಟದಲ್ಲಿ ಏನು ಬದಲಾಗುತ್ತದೆ ಎಂಬುದನ್ನು ದಿನವೂ ನೋಡಿ ಕಲಿಯುತ್ತದೆ. ಕಲಿತ ಮೇಲೆ ಸರ್ವರಿನ ಉತ್ತರಕ್ಕೆ ಕಾಯುವುದಿಲ್ಲ. ಉತ್ತರ ಇದೇ ಇರುತ್ತದೆ ಎಂದು ಮೊದಲೇ ಬರೆದು ತೋರಿಸಿಬಿಡುತ್ತದೆ. ನಿಜವಾದ ಉತ್ತರ ಬಂದಾಗ ಸದ್ದಿಲ್ಲದೆ ಹೊಂದಿಸಿಕೊಳ್ಳುತ್ತದೆ. ಸಾವಿರಕ್ಕೆ ಒಂಬೈನೂರ ತೊಂಬತ್ತಾರು ಸಲ ಹೊಂದಿಸಬೇಕಾಗಿಯೇ ಬರುವುದಿಲ್ಲ.

ಬಸ್ಸಿನ ಪುಟ ತೆರೆದವರಿಗೆ ಟಿಕೆಟ್ ಆಗಲೇ ಸಿದ್ಧವಾಗಿರುತ್ತಿತ್ತು. ಔಷಧಿ ಅಂಗಡಿಯ ಪುಟದಲ್ಲಿ ಈ ತಿಂಗಳ ಮಾತ್ರೆ ಆಗಲೇ ಪೊಟ್ಟಣ ಸೇರಿರುತ್ತಿತ್ತು. ಪುಟ ತೆರೆಯುವವರೆಗೆ ಸುತ್ತುತ್ತಿದ್ದ ಚಕ್ರವನ್ನು ಆಮೇಲೆ ಹುಟ್ಟಿದ ಮಕ್ಕಳು ನೋಡಿಯೇ ಇಲ್ಲ. ಮುನ್ನೋಟ ಇಲ್ಲದ ಹಳೆಯ ಪುಟವೇನಾದರೂ ಸಿಕ್ಕಿದರೆ, ಕೆಟ್ಟು ಹೋಗಿದೆ ಎಂದು ಜನ ಮುಚ್ಚಿಬಿಡುತ್ತಿದ್ದರು.

ನಾನು ಕಟ್ಟುತ್ತಿದ್ದ ಪುಟದ ಹೆಸರು ದಡ. ಕೆಳಬೆಂಗ್ರೆ ಬಂದರಿನ ಮೀನುಗಾರರ ರಕ್ಷಣಾ ಕೇಂದ್ರದ ಪುಟ ಅದು. ಬೋಟಿಗೊಂದು ಸಾಲು. ಕಡಲಿನಲ್ಲಿದ್ದರೆ ಕೆಂಪು, ದಡ ಸೇರಿದರೆ ಹಸಿರು. ದಕ್ಕೆಗೆ ಬಂದು ಹಗ್ಗ ಕಟ್ಟಿದ ಮೇಲೆ ಬೋಟ್ ನಡೆಸುವ ತಾಂಡೇಲ ತನ್ನ ಫೋನಿನಲ್ಲಿ ‘ಸೇರಿದೆವು’ ಎಂಬ ಗುಂಡಿ ಒತ್ತಬೇಕು. ಸಂಜೆ ಆರಕ್ಕೆ ಯಾವುದಾದರೂ ಸಾಲು ಕೆಂಪಾಗಿಯೇ ಉಳಿದು, ವೈರ್‌ಲೆಸ್ಸಿಗೂ ಉತ್ತರ ಬಾರದಿದ್ದರೆ, ಕೇಂದ್ರದ ಗಸ್ತು ಬೋಟ್ ಹುಡುಕಲು ಹೊರಡುತ್ತದೆ. ಮನೆಯ ಹೆಂಗಸರು, ಐಸ್ ಗಾಡಿಯವರು, ಆಟೋದವರು ಎಲ್ಲರೂ ಇದೇ ಪುಟ ನೋಡುತ್ತಾರೆ. ನಿಯಂತ್ರಣ ಕೊಠಡಿಯ ಗೋಡೆಯ ದೊಡ್ಡ ಪರದೆಯಲ್ಲಿರುವುದೂ ಇದೇ ಪುಟ.

ತೊಂದರೆ ಇದ್ದದ್ದು ಅಳಿವೆಯಲ್ಲಿ. ಹೊಳೆ ಕಡಲನ್ನು ಸೇರುವ ಆ ಅರ್ಧ ಮೈಲಿಯಲ್ಲಿ ಗುಡ್ಡ ಅಡ್ಡ ಬಂದು ಫೋನಿಗೂ ವೈರ್‌ಲೆಸ್ಸಿಗೂ ಏನೂ ಸಿಗುವುದಿಲ್ಲ. ಬೋಟ್ ಎಲ್ಲಿದೆ ಎಂದು ತೋರಿಸುವ ಚುಕ್ಕೆಯೂ ಅಲ್ಲಿ ಮಾಯ. ಮುನ್ನೋಟ ಬಂದ ಮೇಲೆ ಆ ಖಾಲಿ ಜಾಗ ತುಂಬಿಕೊಂಡಿತು. ಚುಕ್ಕೆ ಅಳಿವೆಯ ಬಾಯಿಗೆ ಬಂದಿತೆಂದರೆ ಇನ್ನೆಷ್ಟು ಹೊತ್ತಿಗೆ ಗುಂಡಿ ಒತ್ತುತ್ತಾರೆ ಎಂದು ಅದಕ್ಕೆ ತಿಳಿದಿರುತ್ತಿತ್ತು. ಒತ್ತುವ ಮೊದಲೇ ಸಾಲು ಹಸಿರಾಗುತ್ತಿತ್ತು. ನಮ್ಮ ಲೆಕ್ಕಕ್ಕೆ ಮೈನಸ್ ಒಂಬತ್ತು ನಿಮಿಷ. ಗೋಳಿಬಜೆ ತರಿಸಿದ್ದು ಅದಕ್ಕೇ.

ಆದರೆ ನಾವು ಮೂರ್ಖರಾಗಿರಲಿಲ್ಲ. ಊಹೆಯ ಹಸಿರಿಗೂ ಒತ್ತಿದ ಹಸಿರಿಗೂ ಬೇರೆ ಬೇರೆ ಬಣ್ಣ ಕೊಟ್ಟಿದ್ದೆವು. ಊಹೆಗೆ ಎಳೆಹಸಿರು, ಭತ್ತದ ಸಸಿಯ ಬಣ್ಣ. ಗುಂಡಿ ಒತ್ತಿದ್ದು ಸರ್ವರಿಗೆ ತಲುಪಿದ ಮೇಲೆ ಕಡುಹಸಿರು. ನಿಯಂತ್ರಣ ಕೊಠಡಿಯವರಿಗೆ ಅರ್ಧ ದಿನ ತರಬೇತಿ ಕೊಟ್ಟು ಹೇಳಿದ್ದೆ: ಎಳೆಹಸಿರನ್ನು ನಂಬಬೇಡಿ.

ಆ ಎಳೆಹಸಿರನ್ನು ತೆಗೆದದ್ದು ನಾನು.

ಯಾಕೆಂದು ಹೇಳಬೇಕು. ಪುಟ ತೆರೆದಾಗ ಸರ್ವರ್ ಮೊದಲ ಕಂತಿನಲ್ಲಿ ಸುಮಾರು ಹದಿನಾಲ್ಕು ಕಿಲೋಬೈಟ್ ಕಳಿಸುತ್ತದೆ. ಅದು ತಲುಪಿತು ಎಂಬ ಮಾರುತ್ತರ ಬಂದ ಮೇಲೆಯೇ ಉಳಿದದ್ದು. ಕಡಲಿನಲ್ಲಿ ಹತ್ತು ಮೈಲಿ ಆಚೆ, ಒಂದು ಗೆರೆ ಸಿಗ್ನಲಿನಲ್ಲಿ, ಆ ಮಾರುತ್ತರಕ್ಕೇ ಮೂರು ಸೆಕೆಂಡು ಬೇಕು. ಹಾಗಾಗಿ ಇಡೀ ಪುಟ ಹದಿನಾಲ್ಕರೊಳಗೆ ಹಿಡಿಯಬೇಕೆಂಬುದು ನನ್ನ ಹಟ. ದೊಡ್ಡ ಫ್ರೇಮ್‌ವರ್ಕನ್ನು ಕಿತ್ತು ಹಾಕಿ ಕೈಯಲ್ಲೇ ಬರೆದೆ. ಚಿತ್ರಗಳನ್ನು ತೆಗೆದೆ. ನಮ್ಮ ಒತ್ತಕ್ಷರಗಳಿಂದಾಗಿ ಕನ್ನಡದ ಫಾಂಟ್ ಒಂದೇ ನೂರು ಕಿಲೋಬೈಟಿಗೆ ಮೀರಿತ್ತು. ಅದನ್ನು ಫೋನಿನಲ್ಲಿರುವ ಅಕ್ಷರಗಳಿಗೇ ಬಿಟ್ಟುಕೊಟ್ಟೆ. ಕೊನೆಗೆ ಹದಿನಾಲ್ಕಕ್ಕಿಂತ ನೂರ ತೊಂಬತ್ತು ಬೈಟ್ ಹೆಚ್ಚಿಗೆ ಉಳಿಯಿತು. ಒಂದು ಸಣ್ಣ ವಾಕ್ಯದಷ್ಟು.

ಎಳೆಹಸಿರಿನ ಬಣ್ಣ, ಅದನ್ನು ಯಾವಾಗ ಕಡುಹಸಿರು ಮಾಡಬೇಕೆಂದು ನೋಡುವ ಎರಡು ಸಾಲು, ಒಟ್ಟು ಇನ್ನೂರ ಹನ್ನೆರಡು ಬೈಟ್. ಊಹೆ ತಪ್ಪುವುದು ಸಾವಿರಕ್ಕೆ ನಾಲ್ಕು ಸಲ. ತಪ್ಪಿದರೂ ಐದೋ ಹತ್ತೋ ನಿಮಿಷದ ವ್ಯತ್ಯಾಸ. ತೆಗೆದೆ. ಇನ್ನು ಊಹೆಗೂ ಒತ್ತಿದ್ದಕ್ಕೂ ಒಂದೇ ಕಡುಹಸಿರು. ಬದಲಾವಣೆಯ ಟಿಪ್ಪಣಿಯಲ್ಲಿ ‘ಬಣ್ಣಗಳ ಪುನರಾವರ್ತನೆ ತೆಗೆಯಲಾಗಿದೆ’ ಎಂದು ಬರೆದೆ. ಬದಲಾವಣೆಯನ್ನು ಪರಿಶೀಲಿಸಬೇಕಿದ್ದ ಸಹೋದ್ಯೋಗಿ ಒಪ್ಪಿಗೆ ಕೊಟ್ಟಳು. ಸಾಲುಗಳನ್ನು ಓದಿದಳೋ ಇಲ್ಲವೋ ನಾನು ಕೇಳಿಲ್ಲ. ಎಳೆಹಸಿರು ಕಾಣದಾದಾಗ ನಿಯಂತ್ರಣ ಕೊಠಡಿಯವರು ಊಹೆಯೇ ನಿಂತಿದೆ ಎಂದುಕೊಂಡರು. ವೇಗದ ಪರೀಕ್ಷೆಯಲ್ಲಿ ನೂರಕ್ಕೆ ನೂರು ಬಂತು. ಪರದೆಯ ಚಿತ್ರ ತೆಗೆದು ಸುಧೀರನಿಗೆ ಕಳಿಸಿದೆ. ಅವನು ಆಗ ಕಡಲಿನಲ್ಲಿದ್ದ.

ಸುಧೀರ ನನ್ನ ಗಂಡ. ಬಿ.ಕಾಂ. ಮುಗಿಸಿ ಅಪ್ಪನ ‘ಸಾಗರಜ್ಯೋತಿ’ ಬೋಟಿಗೆ ತಾಂಡೇಲನಾದವನು. “ನೂರಕ್ಕೆ ನೂರಾ? ಹಾಂಗಾರೆ ಪಾರ್ಟಿ ಯಾವಾಗ?” ಎಂದು ಉತ್ತರ ಬರೆದ. ಆ ಸಂದೇಶ ನನ್ನನ್ನು ತಲುಪಲು ನಲವತ್ತು ಸೆಕೆಂಡು ಹಿಡಿಯಿತು.

ಅದಾಗಿ ಹದಿನಾರು ದಿನಕ್ಕೆ, ನವೆಂಬರಿನಲ್ಲಿ, ಸಾಗರಜ್ಯೋತಿ ಅಳಿವೆಯಲ್ಲಿ ಮಗುಚಿತು. ಸಂಜೆ ಐದು ಮೂವತ್ತೈದಕ್ಕೆ. ಐದು ಐವತ್ತಕ್ಕೆ ಪುಟದಲ್ಲಿ ಅದರ ಸಾಲು ಹಸಿರಾಯಿತು. ಆರಕ್ಕೆ ನಿಯಂತ್ರಣ ಕೊಠಡಿಯ ಮುಖ್ಯಸ್ಥ ಹೆರಾಲ್ಡ್ ಸರ್ ಗೋಡೆ ನೋಡಿದರು, ಎಲ್ಲ ಹಸಿರು, ರಿಜಿಸ್ಟರ್ ಮುಚ್ಚಿದರು. ನಾನು ಮನೆಯಲ್ಲಿ ಅನ್ನಕ್ಕಿಟ್ಟೆ. ಏಳು ನಲವತ್ತಕ್ಕೆ, ಬೋಟಿನಲ್ಲಿದ್ದ ಭಾಸ್ಕರನ ಹೆಂಡತಿ ದಕ್ಕೆಗೆ ಹೋಗಿ ಹುಡುಕಿ, ಬೋಟೇ ಇಲ್ಲ ಎಂದು ಕೂಗಿದಳು.

ಐದು ಜನರಲ್ಲಿ ಇಬ್ಬರು ಈಜಿ ಮನೆಗಳಿಲ್ಲದ ಆಚೆ ದಂಡೆ ಹತ್ತಿದ್ದರು, ಫೋನು ನೀರುಪಾಲಾಗಿತ್ತು. ಭಾಸ್ಕರ, ಇನ್ನೊಬ್ಬ, ಸುಧೀರ ಮರುದಿನ ಹೆಣವಾಗಿ ಸಿಕ್ಕಿದರು. ಸುಧೀರ ಎರಡು ಗಂಟೆಯಾದರೂ ತೇಲುಬೆಂಡು ಹಿಡಿದು ಬದುಕಿದ್ದ ಎಂದು ವೈದ್ಯರು ಬರೆದಿದ್ದರು. ಆ ಕಾಗದವನ್ನು ನಾನು ಒಮ್ಮೆ ಓದಿದೆ.

ವಿಚಾರಣೆಗೆ ಮೂವರ ಸಮಿತಿ ಬಂತು. ಸಾಲು ಹಸಿರಾದದ್ದು ಹೇಗೆ ಎಂದು ಕೇಳಿದರು. ಸರ್ವರಿನ ಲಾಗ್ ತೆಗೆದು ಕೊಟ್ಟವಳು ನಾನೇ. ಅದರಲ್ಲಿ ಯಾರೂ ಒತ್ತಿದ ದಾಖಲೆ ಇರಲಿಲ್ಲ. “ಹಾಗಾದರೆ ತಾಂಡೇಲ ಒತ್ತಲಿಲ್ಲವೇ?” ಎಂದರು. ನಾನು ಹೇಳಿದೆ: “ಸಿಗ್ನಲ್ ಇಲ್ಲದ ಕಡೆ ಒತ್ತಿದ್ದು ಕೆಲವೊಮ್ಮೆ ಪರದೆಗೆ ತಡವಾಗಿ ಬರುತ್ತದೆ, ಲಾಗಿಗೆ ಬರುವುದೇ ಇಲ್ಲ.” ಅವರಿಗೆ ಅಷ್ಟು ಸಾಕಾಯಿತು. ಬೇಗ ಮನೆ ಸೇರುವ ಅವಸರದಲ್ಲಿ ಅಳಿವೆ ದಾಟುವ ಮೊದಲೇ ತಾಂಡೇಲ ಗುಂಡಿ ಒತ್ತಿದ್ದಾನೆ ಎಂದು ಬರೆದರು. ಬದುಕಿ ಬಂದ ಇಬ್ಬರೂ ಆಗ ಹಿಂದೆ ಬಲೆಯ ಬಳಿ ಇದ್ದರು. ಅವರು ಇಲ್ಲ ಎನ್ನುವಂತಿರಲಿಲ್ಲ.

ತಪ್ಪು ಸುಧೀರನ ಹೆಸರಿಗೆ ಹೋಯಿತು. ನಾನು ಹೋಗಲು ಬಿಟ್ಟೆ.

ಎಳೆಹಸಿರನ್ನು ವಾಪಸ್ ಹಾಕಬಹುದಿತ್ತು. ಹಾಕಿದರೆ, ತೆಗೆದದ್ದು ಯಾವಾಗ ಎಂದು ಕೇಳುತ್ತಾರೆ. ಹಾಕಲಿಲ್ಲ. ಅದರ ಬದಲು ದಿನವೂ ನಾಲ್ಕರಿಂದ ಏಳರವರೆಗೆ ನಿಯಂತ್ರಣ ಕೊಠಡಿಯ ಮೂಲೆಯಲ್ಲಿ ಕೂತು, ಗೋಡೆಯ ಮೇಲಿನ ಒಂದೊಂದು ಹಸಿರನ್ನೂ ಲಾಗಿನಲ್ಲಿ ಒತ್ತಿದ್ದಕ್ಕೆ ತಾಳೆ ನೋಡುತ್ತಿದ್ದೆ. ಮೊದಲು ಗೋಡೆ ಹಸಿರಾಗುತ್ತದೆ. ಎಂಟೋ ಒಂಬತ್ತೋ ನಿಮಿಷಕ್ಕೆ ಲಾಗಿಗೆ ಒಂದು ಸಾಲು ಬರುತ್ತದೆ. ಆ ನಿಮಿಷಗಳನ್ನು ನಾನು ಒಬ್ಬಳೇ ಕಾಯುತ್ತಿದ್ದೆ. ಗಂಡ ಸತ್ತ ಮೇಲೆ ಪಾಪ ಹುಡುಗಿ ಕೆಲಸದಲ್ಲೇ ಮುಳುಗಿದ್ದಾಳೆ ಎಂದು ಕಚೇರಿಯಲ್ಲಿ ಆಡಿಕೊಂಡರು.

ಮನೆಯಲ್ಲಿ ಅತ್ತೆ ಮತ್ತು ನಾನು, ಇಬ್ಬರೇ. ಊರಿನವರ ಬಾಯಲ್ಲಿ ಅತ್ತೆ ರುಕ್ಕಕ್ಕ. ಮೀನು ಮಾರುವವರು. ಅವರ ಫೋನು ಹಳೆಯದು. ಸಾಗರಜ್ಯೋತಿಯ ಸಾಲನ್ನು ಸರ್ವರಿನಿಂದ ತೆಗೆದು ತಿಂಗಳುಗಳಾಗಿದ್ದವು. ಆದರೆ ಅವರ ಫೋನಿನಲ್ಲಿ ಉಳಿದಿದ್ದ ಪುಟದ ಹಳೆಯ ಪ್ರತಿಗೆ, ಅದರೊಳಗಿನ ಮುನ್ನೋಟಕ್ಕೆ, ಅದು ಗೊತ್ತಿರಲಿಲ್ಲ. ಪ್ರತಿ ಸಂಜೆ ಐದು ಐವತ್ತಕ್ಕೆ ಆ ಸಾಲು ಹಸಿರಾಗುತ್ತಿತ್ತು.

ರಜೆಯ ದಿನವೊಂದರ ಸಂಜೆ ಅಡುಗೆಮನೆಯಲ್ಲಿ ನಾನದನ್ನು ಮೊದಲ ಸಲ ನೋಡಿದೆ. ಅತ್ತೆ ಬಂಗುಡೆ ಸ್ವಚ್ಛ ಮಾಡುತ್ತಾ ಕೂತಿದ್ದರು. ಫೋನು ಮಣೆಯ ಪಕ್ಕ ಗೋಡೆಗೆ ಒರಗಿತ್ತು.

“ಬಂದ” ಎಂದರು ಅತ್ತೆ, ತಲೆಯೆತ್ತದೆ.

ಲೋಟ ಕೆಳಗಿಟ್ಟು ಕೈ ಚಾಚಿದೆ. “ಅತ್ತೆ, ಅದ್ ಫೋನಿನ ಊಹೆ. ನಾ ಸರಿ ಮಾಡ್ತೆ, ಕೊಡಿ.”

“ಬ್ಯಾಡ. ಗೊತ್ತಿತ್ತ್ ಹೆಣ್ಣೇ, ನಂಗೆಂತ ಮರುಳಾ?” ಬಂಗುಡೆಯ ತಲೆ ಕತ್ತರಿಸಿ ಪಕ್ಕಕ್ಕಿಟ್ಟರು. “ಬದ್ಕಿಪ್ಪತಿಗೆ ಒಂದ್ ದಿನ ಹೊತ್ತಿಗೆ ಸಮ ಬಂದವ್ನಲ್ಲ. ಈಗ ಕಾಣ್, ಗಡಿಯಾರ ಕಂಡಾಂಗೆ ಬತ್ತ.”

ನಾನು ನಗಬೇಕೆಂದು ಅವರು ಕಾದರು. ನಾನು ನಗಲಿಲ್ಲ.

ಆ ವಾರ ಮಾರುಕಟ್ಟೆಯಲ್ಲಿ ಯಾರೋ ಅವರಿಗೆ ಅಂದಿದ್ದರು: “ನಿನ್ನ್ ಮಗನಿಗೆ ಮನಿಗ್ ಹೋಪು ಅರ್ಜೆಂಟ್, ಮತ್ತಿಬ್ರನ್ನ ಒಟ್ಟಿಗ್ ಕರ್ಕಂಡ್ ಹೋದ.” ಅಂದಿನಿಂದ ಅತ್ತೆ ಬುಟ್ಟಿ ಹೊತ್ತು ಭಾಸ್ಕರನ ಮನೆಯ ಓಣಿಗೆ ಹೋಗುವುದನ್ನು ಬಿಟ್ಟಿದ್ದರು. ಸುತ್ತು ಹಾಕಿ ಹೋಗುತ್ತಿದ್ದರು. ಸುತ್ತು ಹಾಕಿದರೆ ಒಂದೂವರೆ ಮೈಲಿ ಹೆಚ್ಚು.

“ಅವ ಹಾಂಗೆ ಮಾಡುವವ್ನಲ್ಲ ಅಲ್ದಾ?” ಎಂದು ಒಮ್ಮೆ ಕೇಳಿದರು. “ನೀ ಕಲ್ತವಳ್. ಅದ್ರೊಳ್ಗೆ ಕೆಲ್ಸ ಮಾಡುವವಳ್. ಹೇಳ್.”

“ಗೊತ್ತಿಲ್ಲ ಅತ್ತೆ” ಎಂದೆ.

ಅವರು ಮತ್ತೆ ಕೇಳಲಿಲ್ಲ. ಐದು ಐವತ್ತಕ್ಕೆ ನಾನು ಮನೆಯಲ್ಲಿ ಇರದಂತೆ ನೋಡಿಕೊಂಡೆ. ಒಳಗೆ ಯಾರೂ ಇಲ್ಲದಾಗಲೂ ಅಡುಗೆಮನೆಯ ಗೋಡೆಗೆ ಆ ಬೆಳಕು ಬೀಳುತ್ತದೆ ಎಂದು ಗೊತ್ತಿತ್ತು. ನಿಯಂತ್ರಣ ಕೊಠಡಿಯಲ್ಲಿ ಕೂತರೂ ಆ ನಿಮಿಷ ಬಂದಾಗ ನನಗೆ ತಿಳಿಯುತ್ತಿತ್ತು. ಕತ್ತಿನ ಹಿಂದೆ ನೀರು ಬಿದ್ದಂತೆ.

ಮೇ ತಿಂಗಳ ಕೊನೆಯ ವಾರ. ಇನ್ನು ಐದು ದಿನಕ್ಕೆ ಮಳೆಗಾಲದ ನಿಷೇಧ. ಕೊನೆಯ ಮೀನಿಗೆಂದು ಎಲ್ಲ ಬೋಟುಗಳೂ ಹೊರಗಿದ್ದವು. ಮಧ್ಯಾಹ್ನದಿಂದ ಕಡಲು ಉಬ್ಬತೊಡಗಿತ್ತು. ನಾಲ್ಕೂ ಮುಕ್ಕಾಲಿಗೆ ‘ಜಲದುರ್ಗೆ’ ಎಂಬ ಬೋಟಿನಿಂದ ವೈರ್‌ಲೆಸ್ ಬಂತು. ಎಂಜಿನ್ ನಿಂತಿದೆ, ಲಂಗರು ಹಾಕಿದ್ದೇವೆ, ತೆಂಕಲಾಗಿ ಆರು ಮೈಲಿ. ಹೆರಾಲ್ಡ್ ಸರ್ ಇದ್ದ ಒಂದೇ ಗಸ್ತು ಬೋಟನ್ನು ಆ ಕಡೆ ಕಳಿಸಿದರು.

ಐದು ಹನ್ನೆರಡಕ್ಕೆ ‘ಗಂಗಾಮಾತೆ’ ಹಸಿರಾಯಿತು. ಏಳು ಜನ.

ನಾನು ಲಾಗ್ ನೋಡುತ್ತಾ ಕೂತೆ. ಐದು ಇಪ್ಪತ್ತು. ಇಪ್ಪತ್ತೆರಡು. ಇಪ್ಪತ್ತೈದು. ಸಾಲು ಬರಲಿಲ್ಲ. ಅದರ ತಾಂಡೇಲನಿಗೆ ಫೋನ್ ಮಾಡಿದೆ, ಸಿಗಲಿಲ್ಲ. ದಕ್ಕೆಯ ಹರಾಜು ಕಟ್ಟೆಗೆ ಮಾಡಿದೆ. “ಗಂಗಾಮಾತೆಯಾ? ಹಸ್ರ್ ಕಾಣ್ತಿತ್ತಲೇ ಮಾರಾಯ್ತಿ. ಬದಿಗೆಲ್ಲಾದ್ರೂ ಕಟ್ಟಿರ್ಕ್” ಎಂದರು ಅತ್ತ ಕಡೆಯಿಂದ. ಎದ್ದು ಹೋಗಿ ನೋಡುವ ಅಭ್ಯಾಸ ಯಾರಿಗೂ ಉಳಿದಿರಲಿಲ್ಲ.

ಎದ್ದು ಹೆರಾಲ್ಡ್ ಸರ್ ಮೇಜಿನ ಬಳಿ ಹೋದೆ. ನೌಕಾಪಡೆಯಲ್ಲಿ ಇಪ್ಪತ್ತು ವರ್ಷ ಸಂಕೇತ ವಿಭಾಗದಲ್ಲಿದ್ದು ಬಂದವರು. ಕುಂಕುಮ ಇಲ್ಲದ ನನ್ನ ಮುಖವನ್ನು ನೇರವಾಗಿ ನೋಡಿ ಮಾತನಾಡುತ್ತಿದ್ದ ಕೆಲವರಲ್ಲಿ ಒಬ್ಬರು.

“ಸರ್, ಗಂಗಾಮಾತೆ ಬಂದಿಲ್ಲ. ಅಳಿವೆಯಲ್ಲಿದೆ. ಗಸ್ತು ಬೋಟ್ ತಿರುಗಿಸಬೇಕು.”

“ಹಸಿರು ಉಂಟಲ್ಲ ಮಾರಾಯ್ತಿ.”

“ಯಾರೂ ಒತ್ತಿಲ್ಲ ಸರ್. ಲಾಗಿನಲ್ಲಿ ಇಲ್ಲ.”

“ಸಿಗ್ನಲ್ ಇಲ್ಲದಲ್ಲಿ ಒತ್ತಿದ್ದು ಲಾಗಿಗೆ ಬರುದಿಲ್ಲ ಅಂತ ನೀನೇ ಹೇಳಿದ್ದಲ್ಲವಾ? ಕಮಿಟಿ ಎದುರು?” ಅವರ ದನಿಯಲ್ಲಿ ಕುಹಕ ಇರಲಿಲ್ಲ. ನೆನಪಿಸುತ್ತಿದ್ದರು, ಅಷ್ಟೆ. “ಅಲ್ಲಿ ಜಲದುರ್ಗೆಯವರು ಎಂಜಿನ್ ಇಲ್ಲದೆ ಕೂತಿದ್ದಾರೆ. ಕೆಂಪು ಬಿಟ್ಟು ಹಸಿರಿಗೆ ಬೋಟ್ ಕಳಿಸು ಅಂತಿಯಲ್ಲ. ಎಂತ ಬರೆಯಲಿ ನಾನು ರಿಜಿಸ್ಟರಿನಲ್ಲಿ?”

ಗೋಡೆಯ ಗಡಿಯಾರ ಐದು ಇಪ್ಪತ್ತೊಂಬತ್ತು ತೋರಿಸುತ್ತಿತ್ತು. ಕೊಠಡಿಯಲ್ಲಿ ಇನ್ನಿಬ್ಬರಿದ್ದರು. ಇಬ್ಬರೂ ನನ್ನ ಕಡೆ ತಿರುಗಿದರು.

“ಅದು ಸುಳ್ಳು ಸರ್. ನಾನು ಕಮಿಟಿಗೆ ಹೇಳಿದ್ದು ಸುಳ್ಳು.”

ಅವರು ಪೆನ್ನು ಕೆಳಗಿಟ್ಟರು.

“ಒತ್ತಿದ್ದು ಸರ್ವರಿಗೆ ತಲುಪದೆ ಇದ್ದರೆ ಬೇರೆಯವರ ಪರದೆಯಲ್ಲಿ ಹಸಿರಾಗುವುದು ಹೇಗೆ? ಆಗುವುದಿಲ್ಲ. ಈ ಹಸಿರು ಬರಿ ಊಹೆ. ಮೊದಲು ಇದು ಎಳೆಹಸಿರು ಇರುತ್ತಿತ್ತು, ನಾನೇ ನಿಮಗೆ ಕಲಿಸಿದ್ದೆ. ಅಕ್ಟೋಬರಿನಲ್ಲಿ ನಾನು ಅದನ್ನು ತೆಗೆದೆ. ಪುಟ ಸಣ್ಣ ಮಾಡಲಿಕ್ಕೆ. ಯಾರಿಗೂ ಹೇಳಲಿಲ್ಲ.”

“ಅಕ್ಟೋಬರಿನಲ್ಲಿ?”

“ಕೊನೆಯ ವಾರ.”

ಅವರು ಗೋಡೆಯ ಕಡೆ ತಿರುಗಿದರು. “ಹಾಗಾದರೆ ಆವತ್ತು ನಾನು ನೋಡಿದ್ದು...”

“ಹೌದು ಸರ್. ಸುಧೀರ ಒತ್ತಿರಲಿಲ್ಲ.”

ನನ್ನ ಮುಖವನ್ನು ನೇರವಾಗಿ ನೋಡುವವರು ಆಗ ನೋಡಲಿಲ್ಲ. ವೈರ್‌ಲೆಸ್ ಕೈಗೆತ್ತಿಕೊಂಡು ಗಸ್ತು ಬೋಟಿಗೆ ಅಳಿವೆಗೆ ತಿರುಗಲು ಹೇಳಿದರು. ಜಲದುರ್ಗೆಗೆ ಇನ್ನೊಂದು ಲಂಗರು ಹಾಕಿಕೊಳ್ಳಲು ಹೇಳಿದರು. ಎರಡನ್ನೂ ಎರಡೆರಡು ಸಲ, ಒಂದೇ ದನಿಯಲ್ಲಿ. ಆಮೇಲೆ ರಿಜಿಸ್ಟರ್ ತೆರೆದು ಹೊತ್ತು ಬರೆದರು.

ಗಂಗಾಮಾತೆ ಅಳಿವೆಯ ಬಡಗು ದಿಣ್ಣೆಗೆ ಬಡಿದು ಮಗುಚಿತ್ತು. ಗಸ್ತು ಬೋಟ್ ತಲುಪಿದಾಗ ಐವರು ಬೋಟಿನ ಬೆನ್ನಿನ ಮೇಲಿದ್ದರು, ಇಬ್ಬರು ಹಗ್ಗ ಹಿಡಿದು ನೀರಿನಲ್ಲಿದ್ದರು. ಏಳೂ ಜನ ಸಿಕ್ಕಿದರು. ತಿರುಗಿಸಿದ ಹೊತ್ತಿನಿಂದ ಇಪ್ಪತ್ತೆರಡು ನಿಮಿಷ. ಸುಧೀರನಿಗೆ ಎರಡು ಗಂಟೆ ಇತ್ತು.

ಗಸ್ತು ಬೋಟ್ ಅವರನ್ನು ದಡಕ್ಕಿಳಿಸಿ ಮತ್ತೆ ಜಲದುರ್ಗೆಯ ಕಡೆ ಹೊರಟಿತು. ಗೋಡೆಯ ಮೇಲೆ ಗಂಗಾಮಾತೆಯ ಸಾಲು ಆಗಲೂ ಹಸಿರಾಗಿಯೇ ಇತ್ತು. ಮುನ್ನೋಟದ ಲೆಕ್ಕದಲ್ಲಿ ಅವರು ಬಂದು ಬಹಳ ಹೊತ್ತಾಗಿತ್ತು.

ನಾನು ಯಂತ್ರದ ಮುಂದೆ ಕೂತು ಮುನ್ನೋಟವನ್ನು ಕಿತ್ತು ಹಾಕಿದೆ. ಪುಟ ಮತ್ತೆ ನಿಧಾನವಾಯಿತು. ಅರ್ಧ ಗಂಟೆಯೊಳಗೆ ಹನ್ನೊಂದು ಕರೆ ಬಂದವು, ಪುಟ ಕೆಟ್ಟಿದೆಯಾ ಎಂದು.

ಹೊರಡುವಾಗ ಹೆರಾಲ್ಡ್ ಸರ್ ಬಾಗಿಲ ಬಳಿ ಬಂದರು. “ನಾಳೆ ಎಲ್ಲ ಬರೆದು ಕೊಡು. ನೀನೇ ಬರೆ. ನಾನು ಬರೆದರೆ ಕಡಿಮೆ ಮಾಡಿ ಬರೆಯುತ್ತೇನೆ.” ಬಾಗಿಲು ತೆರೆದು ಹಿಡಿದು, “ಆರು ತಿಂಗಳು ನಾನು ಅವನನ್ನೇ ಬೈದುಕೊಂಡೆ ಮಗಾ” ಎಂದರು.

ಮನೆ ಸೇರಿದಾಗ ಏಳೂಕಾಲು. ಪಡುವಣದಲ್ಲಿ ಇನ್ನೂ ಬೆಳಕಿತ್ತು. ಸುದ್ದಿ ನನಗಿಂತ ಮೊದಲು ಮನೆಗೆ ಬಂದಿತ್ತು. ಅತ್ತೆ ಜಗಲಿಯಲ್ಲಿ ನಿಂತಿದ್ದರು.

“ಏಳ್ ಜನನೂ ಬದ್ಕಿದ್ರಂಬ್ರಲೆ. ನೀ ಹೇಳಿದ್ದಂಬ್ರ್, ಹೌದಾ?”

“ಹೌದು ಅತ್ತೆ.”

“ನಿಂಗೆ ಹ್ಯಾಂಗ್ ಗೊತ್ತಾಯ್ತ್?”

ನಾನು ಚಪ್ಪಲಿ ಬಿಡಲಿಲ್ಲ. ಅಂಗಳದಲ್ಲೇ ನಿಂತು ಹೇಳಿದೆ. ಬೈಟ್ ಎಂದರೆ ಏನೆಂದು ಹೇಳಲು ಆಗಲಿಲ್ಲ. ಎರಡು ಹಸಿರಿತ್ತು, ಒಂದನ್ನು ನಾನು ತೆಗೆದೆ, ಯಾರೂ ಒತ್ತದೆಯೇ ಹಸಿರಾಗುತ್ತದೆ ಎಂದೆ.

ಅತ್ತೆ ತಿರುಗಿ ಒಳಗೆ ಅಡುಗೆಮನೆಯ ಕಡೆ ನೋಡಿದರು. ಆಮೇಲೆ, “ನಮ್ಮನೆ ಫೋನಂಗೆ” ಎಂದರು.

“ಹೌದು.”

“ಹಾಂಗಾರೆ ನನ್ನ್ ಮಗ ಒತ್ತಿಲ್ಲ.”

“ಇಲ್ಲ ಅತ್ತೆ.”

“ಅದ್ ನಿಂಗೆ ಮೊದ್ಲಿಂದ ಗೊತ್ತಿತ್ತ್.”

ಇದಕ್ಕೆ ನಾನು ಹೌದೆಂದು ತಲೆಯಾಡಿಸಿದೆ. ಹೊಡೆಯುತ್ತಾರೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವರು ಒಳಗೆ ಹೋದರು. ಕೊಡದಿಂದ ನೀರು ತೆಗೆದು ಮುಖ ತೊಳೆದ ಸದ್ದು ಕೇಳಿಸಿತು. ಸೀರೆ ಬದಲಿಸಿಕೊಂಡು ಹೊರಗೆ ಬಂದರು. ಮದುವೆ ಮನೆಗಳಿಗೆ ಉಡುವ ಸೀರೆ. ನನ್ನನ್ನು ದಾಟಿ ಅಂಗಳಕ್ಕಿಳಿದು ನಡೆಯತೊಡಗಿದರು. ಬಾ ಎನ್ನಲಿಲ್ಲ, ಬೇಡ ಎನ್ನಲಿಲ್ಲ. ನಾನು ಹತ್ತು ಹೆಜ್ಜೆ ಹಿಂದೆ ಹೋದೆ.

ಅತ್ತೆ ಸುತ್ತು ಹಾಕಲಿಲ್ಲ. ನೇರ ಓಣಿಗೆ ತಿರುಗಿದರು. ಜಗಲಿಗಳಲ್ಲಿ ಕೂತಿದ್ದವರು ಮಾತು ನಿಲ್ಲಿಸಿದರು. ಭಾಸ್ಕರನ ಮನೆಯ ಬಾಗಿಲು ತೆರೆದಿತ್ತು. ಅವನ ಹೆಂಡತಿ ಒಳಗಿನಿಂದ ಬಂದು, ಅತ್ತೆಯನ್ನು ಕಂಡು, ಹೊಸ್ತಿಲಿನಲ್ಲೇ ನಿಂತಳು. ಒಳಗೆ ಬನ್ನಿ ಎನ್ನಲಿಲ್ಲ.

“ನನ್ನ್ ಮಗ ಗುಂಡಿ ಒತ್ತಿರ್ಲಿಲ್ಲ” ಎಂದರು ಅತ್ತೆ. ಓಣಿಗೆಲ್ಲ ಕೇಳುವಂತೆ. “ಅಷ್ಟ್ ಹೇಳುಕೆ ಬಂದದ್ದ್.”

ಆಕೆ ಅತ್ತೆಯ ಮುಖವನ್ನೇ ನೋಡಿದಳು. “ಮತ್ತ್ಯಾರ್ ಒತ್ತಿದ್ದ್?”

ಅತ್ತೆ ತಿರುಗಿ ನನ್ನ ಕಡೆ ನೋಡಲಿಲ್ಲ. ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಮೆಟ್ಟಿಲಿನ ಒಂದು ಬದಿಗೆ ಸರಿದು, ಬಾಗಿಲಿನ ಮುಂದೆ ನನಗೆ ನಿಲ್ಲಲು ಜಾಗ ಬಿಟ್ಟರು.